ಆಕ್ಸಲ್ಲಿಗೆ ಕುಂಕುಮವಿಟ್ಟದ್ದು

ನಮ್ಮ ಮನೆಯ ಷೋಕೇಸಿನಲ್ಲಿ, ಮೈಸೂರಿನಿಂದ ತಂದ ಗಂಧದ ಆನೆಗೂ ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಗಾಜಿನ ಹಂಸಕ್ಕೂ ನಡುವೆ ಕಬ್ಬಿಣದ ಹಲ್ಲೊಂದು ಕೂತಿದೆ. ಹೆಬ್ಬೆರಳಿನ ತುದಿಯಷ್ಟು ಗಾತ್ರ. ಮನೆಗೆ ಬಂದವರು ಮೊದಲು ಆನೆಯನ್ನು ಹೊಗಳುತ್ತಾರೆ, ಆಮೇಲೆ ಹಂಸವನ್ನು ಹೊಗಳುತ್ತಾರೆ, ಅಷ್ಟರಲ್ಲಿ ಕಣ್ಣು ಇದರ ಮೇಲೆ ಬಿದ್ದು ಮಾತು ನಿಲ್ಲುತ್ತದೆ. ಒಬ್ಬರು ಉಲ್ಕೆಯ ಚೂರೇ ಎಂದು ಕೇಳಿದರು. ನನ್ನ ಹೆಂಡತಿ ರೇಖಾಳ ಸೋದರಮಾವ ಯಾವುದೋ ಮಠದಿಂದ ಬಂದದ್ದಿರಬೇಕೆಂದು ತಿಳಿದು ಕಣ್ಣಿಗೊತ್ತಿಕೊಂಡರು. ನಾನು ಬೇಡವೆನ್ನಲಿಲ್ಲ. ಇನ್ನೊಬ್ಬರ ಭಕ್ತಿಗೆ ಅಡ್ಡ ಬರುವುದು ನಮ್ಮ ಮನೆತನದಲ್ಲಿ ಇಲ್ಲ.

ಅದು ನಮ್ಮ ಜೀಪಿನ ಹಲ್ಲು. ಜೀಪಿಗೆಲ್ಲಿಯ ಹಲ್ಲು ಎಂದು ನೀವು ನಗಬಹುದು. ನಾನೂ ಬ್ಯಾಂಕಿನ ಕುರ್ಚಿಯಲ್ಲಿ ಆಯುಷ್ಯ ಸವೆಸಿದವನು, ಅದು ಮುರಿಯುವ ತನಕ ನನಗೂ ಗೊತ್ತಿರಲಿಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಒಂದು ದಪ್ಪ ಕಬ್ಬಿಣದ ಕೊಳವೆ ಇರುತ್ತದೆ, ಅದರ ಮಧ್ಯೆ ಒಂದು ಗುಂಡನೆಯ ಹೊಟ್ಟೆ. ಇಡೀ ಸಾಮಾನಿಗೆ ಆಕ್ಸಲ್ ಎಂದು ಹೆಸರು. ಹೊಟ್ಟೆಯೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ, ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ. ಚಿಕ್ಕದು ತಿರುಗಿಸುತ್ತದೆ, ದೊಡ್ಡದು ತಿರುಗುತ್ತದೆ, ಗಾಡಿ ಮುಂದೆ ಹೋಗುತ್ತದೆ. ದೊಡ್ಡದು ತಾನೇ ಸಂಸಾರ ನಡೆಸುತ್ತಿದ್ದೇನೆ ಎಂದುಕೊಂಡಿರುತ್ತದೆ. ರೇಖಾಳನ್ನು ಕಟ್ಟಿಕೊಂಡ ನನಗೆ ಇದನ್ನು ಅರ್ಥ ಮಾಡಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಜೀಪು ಅಪ್ಪ ತಂದದ್ದು. ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು. ಇನ್ನು ಇದನ್ನು ಓಡಿಸಲು ಮನುಷ್ಯಮಾತ್ರರಿಂದ ಸಾಧ್ಯವಿಲ್ಲ ಎಂದು ಇಲಾಖೆ ತೀರ್ಮಾನಿಸಿ ಹರಾಜಿಗೆ ಹಾಕಿದ ಜೀಪನ್ನು ಅಪ್ಪ ಎಲ್ಲರಿಗಿಂತ ಮೇಲೆ ಕೂಗಿ ಕೊಂಡರು. ಮೇಲೆ ಕೂಗಲು ಅಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಅವ್ವ ಹೇಳುತ್ತಾಳೆ. ಆಗ ನಾವು ರಾಣೆಬೆನ್ನೂರಿನಲ್ಲಿದ್ದೆವು. ಜೀಪಿನ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ಅಪ್ಪ ಜೀಪು ನಿಲ್ಲಿಸಿದೊಡನೆ ಹಿಂದಿನಿಂದ ಹಾರಿ ಚಕ್ರಕ್ಕೆ ಕಲ್ಲು ಕೊಡುವ ಹುದ್ದೆ ನನ್ನದು. ದಾರಿಯಲ್ಲಿ ಕಲ್ಲು ಸಿಕ್ಕೀತೆಂಬ ಭರವಸೆ ಇಲ್ಲದ್ದರಿಂದ ಮನೆಯಿಂದಲೇ ಒಂದನ್ನು ಒಯ್ಯುತ್ತಿದ್ದೆವು. ಬೇರೆ ಹುಡುಗರು ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು ಪ್ರವಾಸ ಹೋಗುತ್ತಿದ್ದರು, ನಾನು ಕಲ್ಲು ಇಟ್ಟುಕೊಂಡು ಹೋಗುತ್ತಿದ್ದೆ. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ, ಪೆಟ್ರೋಲು, ಅಪ್ಪನ ಎಲೆಅಡಿಕೆ, ತೊಡೆಯ ಮೇಲೆ ತಣ್ಣಗೆ ಕೂತ ಕಲ್ಲು. ನನ್ನ ಬಾಲ್ಯ ಎಂದರೆ ಇಷ್ಟೇ, ಆದರೂ ಯಾರಾದರೂ ಅದನ್ನು ಗುಜರಿ ಎಂದರೆ ನನಗೆ ಸಿಟ್ಟು ಬರುತ್ತದೆ.

ಈಗ ನಾವಿರುವುದು ಬೆಂಗಳೂರಿನ ಬಸವೇಶ್ವರನಗರದಲ್ಲಿ. ಅಪ್ಪ ಇಲ್ಲ, ಜೀಪು ಇದೆ. ಅದನ್ನು ಇಟ್ಟುಕೊಂಡಿರುವುದು ಅವ್ವನಿಗಾಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ರೇಖಾ ಪಕ್ಕದಲ್ಲಿದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ.

"ಅತ್ತೆ ಹೆಸರು ಹೇಳ್ಕೊಂಡು ಆಟ ಆಡೋದು ನೀವು. ದೊಡ್ಡವರಿಗೆ ಆಟದ ಸಾಮಾನು ಕೊಡಿಸಿದ್ರೆ ಹಿಂಗೇ," ಎಂಬುದು ರೇಖಾಳ ಅಭಿಪ್ರಾಯ.

ಅರ್ಧ ಸುಳ್ಳಲ್ಲ. ಆದರೆ ಇನ್ನರ್ಧ ನನ್ನ ಕಡೆಗಿದೆ. ಅವ್ವನ ಮೊಣಕಾಲು ಮಡಚುವುದಿಲ್ಲ. ಈಗಿನ ಕಾರಿನಲ್ಲಿ ಕೂರುವುದೆಂದರೆ ಅವಳಿಗೆ ಹಳ್ಳಕ್ಕೆ ಬಿದ್ದ ಹಾಗೆ. ಬೀಳಬಹುದು, ಏಳುವುದು ಊರವರ ಕೆಲಸ. ಒಮ್ಮೆ ಮದುವೆ ಛತ್ರದ ಮುಂದೆ ಅವಳನ್ನು ಕಾರಿನಿಂದ ಹೊರಗೆಳೆಯಲು ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಮೊದಲ ಬಾರಿಗೆ ಒಗ್ಗಟ್ಟಾಗಬೇಕಾಯಿತು. ಆಟೋ ಹತ್ತುವ ಮಾತಂತೂ ಬೇಡವೇ ಬೇಡ. ಜೀಪಿನ ಮುಂದಿನ ಸೀಟು ಮಾತ್ರ ಅವಳ ಸೊಂಟದ ಎತ್ತರಕ್ಕಿದೆ, ಬಾಗಿಲಿನ ಗೊಡವೆಯಿಲ್ಲ. ಕೆಳಗೊಂದು ಮಣೆ ಇಟ್ಟರೆ ಹಿಂದೆ ಸರಿದು ಮಂಚದ ಮೇಲೆ ಕೂತಂತೆ ಕೂತುಬಿಡುತ್ತಾಳೆ.

ಹಾಗೆ ಕೂತು ಅವಳು ಹೋಗುವುದು ಒಂದೇ ಕಡೆಗೆ, ಕೆಂಗೇರಿ ಉಪನಗರಕ್ಕೆ. ಅಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ, ಮಗನ ಮನೆಯಲ್ಲಿದ್ದಾಳೆ. ವಿಜಯದಶಮಿಯ ದಿನ ಕಿರಿಯರು ಹಿರಿಯರಿಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವುದು ನಮ್ಮ ಕಡೆಯ ಪದ್ಧತಿ. 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎನ್ನಬೇಕು. ಊರೆಲ್ಲ ಅಕ್ಕತಂಗಿಯರು ಇದನ್ನು ಈಗ ಮೊಬೈಲಿನಲ್ಲಿ ಎಲೆಯ ಚಿತ್ರ ಕಳಿಸಿ ಮುಗಿಸುತ್ತಾರೆ. ಅವ್ವ ಒಂದು ದಸರೆಗೂ ತಪ್ಪಿಸಿದವಳಲ್ಲ. ಅಕ್ಕನ ಕೈಗೆ ಎಲೆ ಬೀಳುವ ತನಕ ಅವಳಿಗೆ ಹಬ್ಬ ಮುಗಿದಂತಲ್ಲ.

ಹಲ್ಲು ಮುರಿದದ್ದು ಶ್ರಾವಣದಲ್ಲಿ, ಕೆಂಗೇರಿಯಿಂದ ವಾಪಸು ಬರುವಾಗ, ಬಾಪೂಜಿ ನಗರದ ಎದುರು, ಮೈಸೂರು ರಸ್ತೆಯ ನಟ್ಟನಡುವೆ. ಅದಕ್ಕೆ ಬಹಳ ಮೊದಲಿನಿಂದಲೂ ಹಿಂದಿನಿಂದ ಗೊಂಯ್ ಎಂಬ ಸದ್ದು ಬರುತ್ತಿತ್ತು. ನಾನು ಅದಕ್ಕೆ ತಕ್ಕ ಚಿಕಿತ್ಸೆ ಮಾಡಿದ್ದೆ, ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಿದ್ದೆ. ಆ ದಿನ ಗೊಂಯ್ ಹೋಗಿ ಕಟಕ್ ಎಂದಿತು. ಜೀಪು ನಿಂತಿತು. ನಮ್ಮ ಊರಿನಲ್ಲಿ ಕೆಟ್ಟ ಗಾಡಿಯ ಸುತ್ತ ಸೇರುವಷ್ಟು ತಜ್ಞರು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಸಿಗಲಾರರು. ಒಬ್ಬ ಕ್ಲಚ್ಚು ಅಂದ. ಒಬ್ಬ ಡೀಸಲ್ ಇದೆಯಾ ನೋಡಿ ಅಂದ. ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, ಹೆಲ್ಮೆಟ್ ತೆಗೆದು, "ಮಾರ್ಬಿಡಿ ಸಾರ್," ಎಂದಷ್ಟೇ ಹೇಳಿ ಹೊರಟುಹೋದರು.

ಎಳೆದೊಯ್ಯುವ ಗಾಡಿ ಬಂತು. ಹಿಂದಿನ ಚಕ್ರ ಉರುಳುವುದಿಲ್ಲವಾದ್ದರಿಂದ ಜೀಪಿನ ಹಿಂಭಾಗವನ್ನೇ ಎತ್ತಿ ಕೊಕ್ಕೆಗೆ ಸಿಕ್ಕಿಸಿದರು. ಇನ್ನು ಅವ್ವನನ್ನು ಇಳಿಸಬೇಕು. ಇಳಿಸಿದರೆ ಹತ್ತಿಸುವುದು ಯಾವುದಕ್ಕೆ?

"ನಾ ಇಳಿಯಂಗಿಲ್ಲ," ಅಂದಳು ಅವ್ವ. "ಹಿಂಗ ನಡೀಲಿ."

ಹೀಗೆ ಅವ್ವ ಜೀಪಿನಲ್ಲೇ ಕೂತು, ಕಂಬಿ ಹಿಡಿದು, ಮುಖ ಕೆಂಗೇರಿಯ ಕಡೆಗೆ, ಪ್ರಯಾಣ ಬಸವೇಶ್ವರನಗರದ ಕಡೆಗೆ ಮಾಡಿದಳು. ವಿಜಯನಗರದ ಸಿಗ್ನಲ್ಲಿನಲ್ಲಿ ಬಸ್ಸಿನ ಜನ ಕೈಮುಗಿದರು. ನಾನು ಎಳೆಯುವ ಗಾಡಿಯ ಡ್ರೈವರನ ಪಕ್ಕ ಕೂತು, ಆ ಜೀಪಿಗೂ ನನಗೂ ಸಂಬಂಧವಿಲ್ಲದವನ ಮುಖ ಮಾಡಿಕೊಂಡಿದ್ದೆ.

ಮೂಡಲಪಾಳ್ಯದ ಮುನಿರಾಜು ನಮ್ಮ ಮೆಕ್ಯಾನಿಕ್. ಮುನಿರಾಜುವಿನಲ್ಲಿ ಇಲ್ಲದ ಗುಣವೆಂದರೆ ಸಂಕೋಚ ಒಂದೇ. ಅವನು ಮನೆಗೇ ಬಂದು, ಜೀಪಿನ ಕೆಳಗೆ ಮಲಗಿ, ಹೊಟ್ಟೆಯ ಮುಚ್ಚಳ ಬಿಚ್ಚಿದ. ಕಷಾಯದಂಥ ಎಣ್ಣೆ ಸುರಿಯಿತು. ಅದರಲ್ಲಿ ಮಿಣಮಿಣ ಮಿನುಗುವ ಲೋಹದ ಪುಡಿ, ಕೊನೆಗೆ ಟಣ್ ಎಂದು ಬಟ್ಟಲಿಗೆ ಬಿದ್ದದ್ದು ಈಗ ಷೋಕೇಸಿನಲ್ಲಿರುವ ಹಲ್ಲು.

"ನೋಡಿ ಸಾರ್, ಹಲ್ಲು ಹೋಗಿದೆ, ಬೇರಿಂಗ್ ಹೋಗಿದೆ, ಸೀಲು ಹೋಗಿದೆ, ಬ್ರೇಕ್ ಡ್ರಮ್ಮಲ್ಲಿ ಎಣ್ಣೆ ಇಳಿದು ಲೈನರ್ ಹೋಗಿದೆ."

"ಇರೋದು ಏನಪ್ಪಾ?"

"ಹೌಸಿಂಗ್ ಇದೆ ಸಾರ್, ಹೊರಗಿನ ಕೊಳವೆ. ಹಳೇ ಕಾಲದ ಕಬ್ಬಿಣ. ಪೂರ್ತಿ ಇಳಿಸಿ, ಹೊಸದರ ಹಂಗೆ ಮಾಡ್ಕೊಡ್ತೀನಿ. ನನ್ನ ಸೆಟ್ಟಿಂಗ್ ಅಂದ್ರೆ ಕಣ್ಮುಚ್ಕೊಂಡು ಓಡಿಸ್ಬೋದು."

ಕಣ್ಣು ಮುಚ್ಚಿಕೊಂಡು ಓಡಿಸುವವರು ಬೆಂಗಳೂರಿನಲ್ಲಿ ಈಗಾಗಲೇ ಸಾಕಷ್ಟಿದ್ದಾರೆ ಎಂದು ನಾನು ಹೇಳಲಿಲ್ಲ. ಅವನು ಆಕ್ಸಲ್ ಇಳಿಸಿ ಲಗೇಜ್ ಆಟೋದಲ್ಲಿ ಗ್ಯಾರೇಜಿಗೆ ಒಯ್ದ. ಜೀಪು ಹಿಂದುಗಡೆ ಸೈಜುಗಲ್ಲುಗಳ ಮೇಲೆ ಕುಕ್ಕರುಗಾಲಿನಲ್ಲಿ ಕೂತಿತು. ನಾನು ಸಾಮಾನು ಹುಡುಕಿಕೊಂಡು ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಆ ಅಂಗಡಿಗಳಲ್ಲಿ ಒಂದು ವಿಶೇಷ ಮರ್ಯಾದೆ ಇದೆ. ನೀವು ಕೇಳಿದ್ದು ಇಲ್ಲ ಎಂದು ಯಾರೂ ಹೇಳುವುದಿಲ್ಲ, ನೀವು ಕೇಳದ ಇನ್ನೊಂದನ್ನು ತಂದು ಇದೇ ಅದು ಎನ್ನುತ್ತಾರೆ.

ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಅಮೆರಿಕದ ಒಬ್ಬ ಗಡ್ಡದವನು ಆಕ್ಸಲ್ ರಿಪೇರಿ ಮಾಡುವುದನ್ನು ನೋಡತೊಡಗಿದೆ. ಅವನ ಗ್ಯಾರೇಜು ನಮ್ಮ ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ತಪ್ಪಾಯಿತು. ಅವನು ಹಲ್ಲುಗಳಿಗೆ ಒಂದು ಬಣ್ಣ ಬಳಿದು ಚಕ್ರ ತಿರುಗಿಸುತ್ತಿದ್ದ. ಹಲ್ಲಿಗೆ ಹಲ್ಲು ತಾಗಿದ ಕಡೆ ಬಣ್ಣ ಅಳಿಸಿ ಗುರುತು ಬೀಳುತ್ತದೆ, ಗುರುತು ಹಲ್ಲಿನ ನಡುವೆ ಬಿದ್ದರೆ ಕೂಡಾವಳಿ ಸರಿಯಾಗಿದೆ ಎಂದು ಅರ್ಥ, ಅಂಚಿಗೆ ಬಿದ್ದರೆ ಮತ್ತೆ ಮುರಿಯುತ್ತದೆ. ನಾನು ತಲೆದೂಗಿದೆ.

"ಜಾತಕ ಕೂಡಿಸೋವಾಗ್ಲೂ ಇಷ್ಟು ನೋಡಿರಲಿಲ್ಲ ನೀವು," ಎಂದು ರೇಖಾ ದೀಪ ಆರಿಸಿದಳು.

ದಸರೆ ಹತ್ತಿರ ಬಂತು. ಅವ್ವ ದಿನಾ ಬೆಳಿಗ್ಗೆ ಕಿಟಕಿಯಿಂದ ಜೀಪು ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಏನಾದರೊಂದು ಸಬೂಬು ಹೇಳಬಹುದಿತ್ತು. ಕೊನೆಗೆ ಮುನಿರಾಜು ಬಂದು ಕೆಲಸ ಮುಗಿದಿದೆ, ಒಳ್ಳೆಯ ದಿನ ನೋಡಿ ಕೂರಿಸೋಣ ಅಂದ. ಅವ್ವ ತಕ್ಷಣ, "ಆಯುಧಪೂಜಿ ದಿನಾನ ಕುಂದ್ರಿಸು, ಅದಕ್ಕಿಂತ ಚಲೋ ದಿನ ಯಾವುದೈತಿ? ಮರುದಿನ ದಸಮಿ, ನಾ ಅಕ್ಕನ ಮನಿಗೆ ಹೋಗಾಕ ಸರಿಹೋಗ್ತೈತಿ," ಅಂದಳು. ಮುನಿರಾಜು ಸೂಪರ್ ಅಂದ. ನಾನು ಭೇಷ್ ಅಂದೆ. ರೇಖಾ ಕೂಡ ಏನೂ ಅನ್ನಲಿಲ್ಲ. ಇಷ್ಟು ಜನ ಬುದ್ಧಿವಂತರು ಒಮ್ಮತಕ್ಕೆ ಬಂದಾಗಲೇ ನಾನು ಹೆದರಬೇಕಿತ್ತು.

ಆಯುಧಪೂಜೆಯ ದಿನ ಮುನಿರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ಉದ್ದ ಕುಂಕುಮವಿಟ್ಟು, ಲಗೇಜ್ ಆಟೋದಲ್ಲಿ ಆಕ್ಸಲ್ಲಿನೊಂದಿಗೆ ಬಂದಿಳಿದ. ಕಪ್ಪು ಬಣ್ಣ ಹೊಡೆದ ಆಕ್ಸಲ್ ಫಳಫಳ ಹೊಳೆಯುತ್ತಿತ್ತು. ಅಕ್ಕಪಕ್ಕದವರೆಲ್ಲ ಕೈಹಚ್ಚಿ ಮನೆಮುಂದಿನ ಕಟ್ಟೆಯ ಮೇಲೆ ಇಟ್ಟೆವು. ಸರಿ, ಶುರುಮಾಡಪ್ಪ ಅಂದೆ.

"ಏನು ಸಾರ್ ಶುರು ಮಾಡೋದು?"

"ಕೂರಿಸೋದು."

"ಸ್ಪ್ಯಾನರ್ ಎಲ್ಲಾ ಪೂಜೆಗಿಟ್ಟಿದೀವಲ್ಲ ಸಾರ್. ಇವತ್ತು ಮುಟ್ಟಂಗಿಲ್ಲ. ನಾಳೆ ಪೂಜೆ ಮಾಡೇ ಎತ್ಕೋಬೇಕು."

ಆಯುಧಗಳಿಗೆ ವರ್ಷಕ್ಕೊಂದು ದಿನ ರಜೆ, ಆ ದಿನವನ್ನೇ ಹುಡುಕಿ ನಾವು ಕೆಲಸಕ್ಕೆ ಮುಹೂರ್ತವಿಟ್ಟಿದ್ದೆವು. ನಮ್ಮ ಮನೆಯ ಸ್ಕ್ರೂಡ್ರೈವರು ಕೂಡ ದೇವರ ಮುಂದೆ ಹೂವು ಮುಡಿದು ಕೂತಿತ್ತು.

"ನಿಂಗೆ ಮೊದ್ಲೇ ಗೊತ್ತಿರ್ಲಿಲ್ವಾ?" ಎಂದೆ.

"ಗೊತ್ತಿತ್ತು ಸಾರ್. ಹೊಳೀಲಿಲ್ಲ."

ಅವ್ವನಿಗೆ ಮಾತ್ರ ಇದರಲ್ಲಿ ಬೇಸರದ ಸಂಗತಿಯೇನೂ ಕಾಣಲಿಲ್ಲ. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಳೆ ಮುಂಜಾನೆ ಕುಂದ್ರಿಸಿದ್ರೂ ಸಂಜಿಗೆ ಕೆಂಗೇರಿ ಮುಟ್ತೀನಿ. ಕೆಳಗ ಹೋದಮ್ಯಾಲೆ ಇದರ ಮುಖ ಯಾರು ನೋಡ್ತಾರ? ಈಗ ಪೂಜಿ ಆಗ್ಲಿ," ಎಂದು ಕುರ್ಚಿ ಹಾಕಿಸಿಕೊಂಡು ಕೂತಳು. ಆಕ್ಸಲ್ಲಿಗೆ ವಿಭೂತಿ ಎಳೆದಳು, ಚೆಂಡುಹೂವಿನ ಸರ ಹಾಕಿದಳು. ಮುಚ್ಚಳವಿನ್ನೂ ಹಾಕಿರಲಿಲ್ಲವಾದ್ದರಿಂದ ಒಳಗಿನ ಹೊಸ ಕ್ರೌನು ಕಾಣುತ್ತಿತ್ತು. ಒಣ ಕುಂಕುಮ ಕಬ್ಬಿಣಕ್ಕೆ ಹಿಡಿಯಲಿಲ್ಲ. ಎಣ್ಣೆಯಲ್ಲಿ ಕಲಸಿ, ಕೈಗೆ ಎಟುಕಿದ ಹಲ್ಲುಗಳಿಗೆಲ್ಲ ಬಳಿದಳು. ಒಂದಕ್ಕಿಟ್ಟು ಒಂದಕ್ಕೆ ಬಿಟ್ಟರೆ ಅದು ನೊಂದುಕೊಳ್ಳುತ್ತದಂತೆ.

ಮಂಗಳಾರತಿ ಆಯಿತು. ಕಾಯಿ ಒಡೆದಾಯಿತು. ನೆರೆಹೊರೆಯವರ ಮುಂದೆ ನನಗೂ ಸ್ವಲ್ಪ ತಿಳಿದಿದೆ ಎಂದು ತೋರಿಸಬೇಕಲ್ಲ, ಪಿನಿಯನ್ನಿನ ತುದಿ ಹಿಡಿದು ತಿರುಗಿಸಿದೆ. ಕ್ರೌನು ಗಂಭೀರವಾಗಿ ತಿರುಗಿತು. ಎಲ್ಲರೂ ಓಹೋ ಅಂದರು. ಕುಂಕುಮದ ಹಲ್ಲುಗಳು ಒಂದು ಸುತ್ತು ಹಾಕಿ ಮತ್ತೆ ಎದುರಿಗೆ ಬಂದವು. ಪ್ರತಿ ಹಲ್ಲಿನ ಮೇಲೂ ಕುಂಕುಮ ಅಳಿಸಿ, ಬರಿ ಕಬ್ಬಿಣ ಕಾಣುವ ಸಣ್ಣ ಗುರುತು ಬಿದ್ದಿತ್ತು. ನಡುವೆ ಅಲ್ಲ, ತೀರಾ ಅಂಚಿನಲ್ಲಿ.

ಗಡ್ಡದವನ ಮುಂದೆ ಕಳೆದ ರಾತ್ರಿಗಳು ಹೀಗೆ ಫಲ ಕೊಡುತ್ತವೆಂದು ನಾನು ಎಣಿಸಿರಲಿಲ್ಲ.

"ಮುನಿರಾಜು, ಇದು ಅಂಚಿಗೆ ತಾಗ್ತಿದೆ ಅಲ್ವಾ?"

"ಕುಂಕುಮ ಜಾಸ್ತಿ ಆಯ್ತು ಸಾರ್, ಅದಕ್ಕೆ ಹಂಗೆ ಕಾಣತ್ತೆ." ಅವನು ತಾನೇ ತಿರುಗಿಸಿದ. ಹಿಂದಕ್ಕೂ ತಿರುಗಿಸಿದ. ಬಿಳಿ ಅಂಗಿಯ ತೋಳಿಗೆ ಕೆಂಪು ಹತ್ತಿತು. ಆಮೇಲೆ ಧ್ವನಿ ಇಳಿಸಿ, "ಬಣ್ಣ ಹಾಕಿ ನೋಡ್ಬೇಕಿತ್ತು ಸಾರ್. ಹಬ್ಬದ ಅರ್ಜೆಂಟಲ್ಲಿ ಬಿಟ್ಬಿಟ್ಟೆ," ಅಂದ.

"ಈಗ?"

"ಒಳಗೆ ತೆಳು ಬಿಲ್ಲೆಗಳಿರತ್ತೆ, ಅವನ್ನ ಬದಲಾಯಿಸಿ ಮತ್ತೆ ಕೂರಿಸ್ಬೇಕು. ಅಂಗಡಿಗಳೆಲ್ಲ ಬಂದ್. ನಾನೂ ನಾಳಿದ್ದು ಮಾಗಡಿ ಕಡೆ ಊರಿಗೆ ಹೋಗ್ತಿದೀನಿ. ಬಂದ ಮೇಲೇ ಆಗೋದು." ತೋಳಿನ ಕೆಂಪು ಒರೆಸಿಕೊಳ್ಳುತ್ತ, "ಹಂಗೇ ಹಾಕಿದ್ರೂ ಓಡತ್ತೆ ಸಾರ್. ಕೆಂಗೇರಿ ತಾನೇ?" ಅಂದ.

ನಾನು ತಕ್ಷಣ ಒಪ್ಪಲು ತಯಾರಿದ್ದೆ. ನಾಳೆ ಹಾಕಿಬಿಡೋಣ, ಅವ್ವ ಹೋಗಿ ಬನ್ನಿ ಕೊಟ್ಟು ಬರಲಿ, ಆಮೇಲೆ ಬಿಚ್ಚೋಣ ಎಂದು ಬಾಯಿ ತೆರೆದೆ. ಅವ್ವ ಕೈ ಎತ್ತಿ ನಿಲ್ಲಿಸಿದಳು. ಮುನಿರಾಜುವಿನ ಕಡೆ ತಿರುಗಿ ಕೇಳಿದಳು:

"ತಮ್ಮಾ, ನಿಮ್ಮವ್ವನ್ನ ಇದರಾಗ ಕುಂದ್ರಿಸಿ ಮೈಸೂರು ರಸ್ತ್ಯಾಗ ಕರ್ಕೊಂಡು ಹೋಗ್ತಿಯೇನು?"

ಅಷ್ಟು ಮಾತಿನ ಮುನಿರಾಜು ಆಕ್ಸಲ್ ನೋಡಿದ, ಚೆಂಡುಹೂವು ನೋಡಿದ.

"ಇಲ್ಲ ಅಜ್ಜಿ."

"ಹಂಗಾರ ಬಿಚ್ಚು."

ದಶಮಿಯ ದಿನ ಅವ್ವ ಮಡಿಯುಟ್ಟು, ಬನ್ನಿ ಎಲೆಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಅಕ್ಕನಿಗೆ ಫೋನು ಹಚ್ಚಿಸಿದಳು. ಇಬ್ಬರಿಗೂ ಕಿವಿ ಮಂದ. ಅವರ ಫೋನು ಮಾತುಕತೆಯಲ್ಲಿ ಇಬ್ಬರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ.

"ಅಕ್ಕಾ, ಬನ್ನಿ ಐತಿ, ಜೀಪಿಲ್ಲ!"

"ಊಟ ಆತೇನು?"

"ಹುಣ್ಣಿಮಿ ಒಳಗ ಬರ್ತೀನಿ! ಹುಣ್ಣಿಮಿ ತನಕ ನಡಿತೈತಿ ಬನ್ನಿ!"

"ಅಲ್ಲಿ ಮಳಿ ಐತೇನು?"

ರೇಖಾ ಮುಖ ತಿರುಗಿಸಿ ನಕ್ಕಳು, ನಾನೂ ನಕ್ಕೆ. ಲೈನು ಕಡಿದುಹೋಯಿತು. ಅವ್ವ ಮಾತ್ರ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆಯಿಂದ ಇನ್ನೇನೋ ಬರಬಹುದೆಂದು ಬಹಳ ಹೊತ್ತು ಹಾಗೇ ಹಿಡಿದು ಕೂತಿದ್ದಳು. ನನಗೆ ನಗು ಹೋಗಿ ಸಂಕಟವಾಯಿತು. ಈ ವಯಸ್ಸಿನಲ್ಲಿ ಒಂದು ದಸರೆ ತಪ್ಪಿದರೆ ಮುಂದಿನದಕ್ಕೆ ಯಾರು ಗ್ಯಾರಂಟಿ ಕೊಡುತ್ತಾರೆ? ಮುನಿರಾಜು ಕೂಡ ಕೊಡಲಾರ.

ಆ ದಿನಗಳಲ್ಲಿ ರೇಖಾ ನನ್ನನ್ನು ಚುಚ್ಚುವುದನ್ನು ಬಿಟ್ಟಳು. ಅದು ಚುಚ್ಚುವುದಕ್ಕಿಂತ ಕಷ್ಟವಾಗಿತ್ತು. ಊರಿಂದ ಮುನಿರಾಜು ಬಂದನೋ ಇಲ್ಲವೋ ಎಂದು ಮೂಡಲಪಾಳ್ಯಕ್ಕೆ ಫೋನು ಮಾಡುತ್ತಿದ್ದವಳೂ ಅವಳೇ. ಕೊನೆಗೆ ಅವನು ಬಿಲ್ಲೆಗಳ ಪೊಟ್ಟಣ ಹಿಡಿದು ಬಂದ, ಕಟ್ಟೆಯ ಮೇಲೇ ಎಲ್ಲ ಬಿಚ್ಚಿದ, ಒಂದೊಂದು ಬಿಲ್ಲೆ ಹಾಕಿ ಮತ್ತೆ ಕೂರಿಸಿದ. ಆಮೇಲೆ ತಲೆ ಕೆರೆದುಕೊಂಡು ನಿಂತ.

"ಅಜ್ಜಿ, ಆ ಕುಂಕುಮ ಸ್ವಲ್ಪ ಕಲಸಿ ಕೊಡ್ತೀರಾ?"

ಅವ್ವ ಕಲಸಿ ಕೊಟ್ಟಳು. ತಿರುಗಿಸಿದ, ಒಪ್ಪಿಗೆಯಾಗಲಿಲ್ಲ, ಮತ್ತೆ ಬಿಚ್ಚಿದ. ಮತ್ತೆ ಕುಂಕುಮ. ಸಂಜೆಯ ಹೊತ್ತಿಗೆ ನಮ್ಮ ಮನೆಯ ಭರಣಿ ಖಾಲಿಯಾಗಿ, ಎದುರುಮನೆಯ ಆಂಟಿಯಿಂದ ಕಡ ತರಬೇಕಾಯಿತು. ಕೊನೆಗೊಮ್ಮೆ ಗುರುತು ಪ್ರತಿ ಹಲ್ಲಿನ ನಟ್ಟನಡುವೆ ಬಿತ್ತು. ಮುನಿರಾಜು ಜಂಬದ ಮಾತು ಆಡುತ್ತಾನೆಂದು ಕಾದೆ. ಅವನು ಅವ್ವನಿಗೆ ತೋರಿಸಿ, "ಈಗ ನಮ್ಮಮ್ಮನ್ನೂ ಕೂರಿಸ್ತೀನಿ," ಎಂದಷ್ಟೇ ಅಂದ.

ಆಕ್ಸಲ್ ಜೀಪಿನಡಿ ಸೇರಿತು, ಹುಣ್ಣಿಮೆಯ ಹಿಂದಿನ ದಿನ ಹೊರಟೆವು. ಮಣೆಯಿಟ್ಟು ಅವ್ವನನ್ನು ಮುಂದೆ ಕೂರಿಸಿದೆ. ಆಟದ ಸಾಮಾನಿನಲ್ಲಿ ಕಾಲಿಡುವುದಿಲ್ಲ ಎಂದಿದ್ದ ರೇಖಾ, ಯಾರೂ ಕರೆಯದೆ ಹಿಂದೆ ಹತ್ತಿ ಕೂತಳು. ನಾಯಂಡಹಳ್ಳಿ ದಾಟುವ ತನಕ ನಾನು ಕಿವಿಯನ್ನು ಹಿಂದಕ್ಕೇ ಇಟ್ಟುಕೊಂಡು ಓಡಿಸಿದೆ. ಏನೂ ಸದ್ದಿಲ್ಲ. ಸದ್ದಿಲ್ಲದ ಜೀಪನ್ನು ನಂಬುವುದು ಹೇಗೆಂದು ನನಗೆ ತಿಳಿಯಲಿಲ್ಲ.

"ರೀ, ರಸ್ತೆ ನೋಡ್ಕೊಂಡು ಓಡ್ಸಿ. ಆಕ್ಸಲ್ ಎಲ್ಲೂ ಓಡಿಹೋಗಲ್ಲ," ಎಂದಳು ರೇಖಾ.

ಕೆಂಗೇರಿಯಲ್ಲಿ ದೊಡ್ಡವ್ವ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಳಕಲ್ ಸೀರೆಯುಟ್ಟು ಕಾಯುತ್ತಿದ್ದಳು. ದಶಮಿಯಿಂದ ದಿನಾ ಹೀಗೇ ಸೀರೆಯುಟ್ಟು ಕೂರುತ್ತಾಳೆಂದು ಅವಳ ಮಗ ಪ್ರಭು ಹೇಳಿದ. ಜೀಪು ಕಂಡು ದೊಡ್ಡವ್ವ ಎದ್ದು ರಸ್ತೆಗೆ ಬಂದಳು. ಅವ್ವ ಇಳಿಯುವ ಮೊದಲೇ ಕರ್ಚೀಫು ಬಿಚ್ಚಿ, ಒಣಗಿ ಮುರುಟಿದ ಬನ್ನಿಯನ್ನು ಅಲ್ಲಿಂದಲೇ ಚಾಚಿದಳು. "ತಗೋ ಅಕ್ಕಾ. ಬಂಗಾರದಂಗ ಇರೋಣ."

"ಮ್ಯಾಲೆ ಕುಂತು ಬನ್ನಿ ಕೊಡ್ತಾಳ ನೋಡ್ರಿ, ದೊಡ್ಡ ರಾಣಿ!" ಎಂದು ದೊಡ್ಡವ್ವ ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು, ಸೊಂಟದ ಚೀಲಕ್ಕೆ ಸೇರಿಸಿದಳು. ನಾನು ಅವ್ವನನ್ನು ಇಳಿಸಲು ಮಣೆ ಇಟ್ಟೆ. ಆ ಮಣೆಯ ಮೇಲೆ ದೊಡ್ಡವ್ವ ತನ್ನ ಕಾಲಿಟ್ಟಳು.

"ಸರಿ ಆಚಿಗೆ," ಎಂದು ತಂಗಿಗೆ ಹೇಳಿ ಕಂಬಿ ಹಿಡಿದಳು.

"ಅವ್ವಾ, ಬಿಪಿ ಐತಿ, ಬ್ಯಾಡ," ಎಂದು ಪ್ರಭು ಓಡಿಬಂದ. "ಎಲ್ಲಿಗೂ ಕರ್ಕೊಂಡು ಹೋಗಂಗಿಲ್ಲ ಅಣ್ಣ ನಾವು, ಚೆಕಪ್ಪಿಗೆ ಬಿಟ್ರೆ."

ದೊಡ್ಡವ್ವನಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿತು. ರೇಖಾ ಹಿಂದಿನಿಂದ ಕೈಕೊಟ್ಟು ಎಳೆದಳು, ಪ್ರಭು ಬೇರೆ ದಾರಿಯಿಲ್ಲದೆ ಕೆಳಗಿನಿಂದ ಎತ್ತಿದ. ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರು. ಅವ್ವನ ಮೊಣಕಾಲು ಗೇರಿಗೆ ತಾಗುತ್ತಿತ್ತು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ನಾನು ಜೀಪು ಚಾಲೂ ಮಾಡಿ, "ಎಲ್ಲಿಗೆ ಹೋಗೋಣ ದೊಡ್ಡವ್ವ?" ಎಂದು ಕೂಗಿ ಕೇಳಿದೆ.

ಅವಳು ತಲೆಯ ಮೇಲೆ ಸೆರಗು ಹೊದ್ದು, ಎದುರಿನ ರಸ್ತೆಯನ್ನು ನೋಡಿದಳು.

"ಎಲ್ಲಿಗ್ಯಾರ ನಡಿಯಪ್ಪ," ಅಂದಳು. "ದವಾಖಾನಿ ಬಿಟ್ಟು ಎಲ್ಲಿಗ್ಯಾರ."